ಯಾವ ಶಾಲೆ ಒಳ್ಳೇದು?

ಹೋದ ವರ್ಷ ಶಿವರಾತ್ರಿ ಕಳೆದ ವಾರ, ಮಧ್ಯಾಹ್ನದ ಊಟ ಮುಗಿಸಿ ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು ಕುಳಿತಿದ್ದೆ. ಊರಿನಿಂದ ತಮ್ಮನ ಸೊಸೆಯ ಫೋನು ಬಂತು. "ಅತ್ತೆ, ಈ ಜೂನಿಗೆ ಪುಟ್ಟಿಯನ್ನು ಒಂದನೇ ಕ್ಲಾಸಿಗೆ ಹಾಕಬೇಕಲ್ಲ, ಯಾವ ಶಾಲೆ ಒಳ್ಳೇದು ನೀವೇ ಹೇಳಿ" ಎಂದಳು. ಪೇಟೆಯ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಈಗ ನಮ್ಮೂರಿನವರೆಗೂ ಬರುತ್ತದೆ. ಅದು ಬೇಡವೆಂದು ಗಂಡ ಹೆಂಡತಿ ಮೊದಲೇ ತೀರ್ಮಾನಿಸಿದ್ದರು. ಪಕ್ಕದ ಮನೆಯ ಮಗು ಬೆಳಿಗ್ಗೆ ಏಳೂವರೆಗೆ ಅರೆನಿದ್ದೆಯಲ್ಲಿ ವ್ಯಾನು ಹತ್ತಿ, ಸಂಜೆ ಘಟ್ಟದ ತಿರುವಿನಲ್ಲಿ ವಾಂತಿ ಮಾಡಿಕೊಂಡು ಇಳಿಯುವುದನ್ನು ಅವರು ಎರಡು ವರ್ಷ ನೋಡಿದ್ದಾರೆ. ಹಾಗಾಗಿ ಅವಳ ಪ್ರಶ್ನೆ ಊರಿನಲ್ಲೇ ಇರುವ ಎರಡು ಸರ್ಕಾರಿ ಶಾಲೆಗಳ ಬಗ್ಗೆ. ಹಳ್ಳದ ಈಚೆ ಒಂದು, ಆಚೆ ಇನ್ನೊಂದು.

ನನಗೆ ಒಳಗೊಳಗೇ ಹಿಗ್ಗು. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತಳಾದವಳು ನಾನು. ಎಡಕ್ಕೊಂದು ಬಲಕ್ಕೊಂದು ಪಟ್ಟಿ ಹಾಕಿ, ಕೂಡಿಸಿ ಕಳೆದು, ಕೆಳಗೆ ಗೆರೆ ಎಳೆದು ತೋರಿಸುವುದೆಂದರೆ ನನಗೆ ಹಪ್ಪಳ ಕರಿದಷ್ಟು ಸಲೀಸು. ಹೋಲಿಸುವುದು ಹೆಂಗಸರ ಹುಟ್ಟುಗುಣ ಎಂದು ಗಂಡಸರು ಹಂಗಿಸುತ್ತಾರಲ್ಲ, ಹಂಗಿಸಲಿ ಬಿಡಿ. ಸೀರೆ ಅಂಗಡಿಯಲ್ಲಿ ನಲವತ್ತು ಸೀರೆ ಬಿಚ್ಚಿಸಿ ಒಂದನ್ನು ಕೊಳ್ಳುವುದರಲ್ಲಿ ಯಾರಿಗೇನು ನಷ್ಟ? ಒಲ್ಲದ ಮೂವತ್ತೊಂಬತ್ತನ್ನು ಅಂಗಡಿಯ ಹುಡುಗ ಮತ್ತೆ ಮಡಿಸಿ ಇಡುತ್ತಾನೆ. ಸೀರೆಗೆ ಬೇಸರವಿಲ್ಲ, ಅದರ ಜರಿಯೂ ಮಾಸುವುದಿಲ್ಲ. ಶಾಲೆಯೂ ಹಾಗೇ ಎಂದುಕೊಂಡು, ಒಂದು ಹೊಸ ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು ಶಿವಮೊಗ್ಗದಿಂದ ಬಸ್ಸು ಹತ್ತಿದೆ.

ನಮ್ಮೂರು ಸಾಗರ ತಾಲ್ಲೂಕಿನದು, ಹೆಸರು ಬೇಡ. ಎಲ್ಲ ಸೇರಿದರೆ ನೂರ ಎಪ್ಪತ್ತು ಮನೆ ಇರಬಹುದು. ದೇವಸ್ಥಾನದ ರಸ್ತೆಯ ಮೇಲಿರುವುದು ಹಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಏಳರವರೆಗೆ. ನಾನು ಓದಿದ್ದು ಅಲ್ಲೇ. ಹಳ್ಳ ದಾಟಿದರೆ ಕೇರಿ, ಕೇರಿಯ ತುದಿಯಲ್ಲಿ ಕಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಐದು. ಮೊದಲೆಲ್ಲ ಹಳ್ಳಕ್ಕೆ ಸರಿಯಾದ ದಾರಿಯಿರಲಿಲ್ಲ. ಹತ್ತು ವರ್ಷದ ಕೆಳಗೆ ಕಾಂಕ್ರೀಟಿನ ಕಾಲುಸಂಕ ಆಗಿದೆ. ತಮ್ಮನ ಮಗ ಮದುವೆಯಾದ ಮೇಲೆ ಆಚೆ ದಡದ ತೋಟದ ತಲೆಯಲ್ಲಿ ಮನೆ ಕಟ್ಟಿಕೊಂಡಿದ್ದಾನೆ. ಅವನ ಮನೆಯಿಂದ ಕೇರಿಯ ಶಾಲೆಗೆ ಐದು ನಿಮಿಷ, ದೊಡ್ಡ ಶಾಲೆಗೆ ಸಂಕ ದಾಟಿ ಹನ್ನೆರಡು ನಿಮಿಷ.

ಊರಿನಲ್ಲಿ ವಿಚಾರಿಸಿದೆ. ಕೇರಿಯ ಶಾಲೆ ಚೆನ್ನಾಗಿಲ್ಲ ಎಂದರು ಎಲ್ಲರೂ. ಯಾಕೆ ಚೆನ್ನಾಗಿಲ್ಲ ಎಂದರೆ, ಅಲ್ಲಿ ಮಕ್ಕಳೇ ಇಲ್ಲವಲ್ಲ ಎಂದರು. ಮಕ್ಕಳು ಯಾಕಿಲ್ಲ ಎಂದರೆ, ಶಾಲೆ ಚೆನ್ನಾಗಿಲ್ಲವಲ್ಲ, ಯಾರು ಕಳಿಸುತ್ತಾರೆ ಎಂದರು. ಹಾಗೆ ಹೇಳಿದ ಒಂಬತ್ತು ಜನರಲ್ಲಿ ಒಬ್ಬರೂ ಆ ಶಾಲೆಯ ಜಗಲಿ ಹತ್ತಿದವರಲ್ಲ. ನಾನೂ ಅರವತ್ತು ವರ್ಷದಲ್ಲಿ ಹತ್ತಿರಲಿಲ್ಲ ಎಂಬುದು ಆಮೇಲೆ ನೆನಪಾಯಿತು.

ದೊಡ್ಡ ಶಾಲೆಯಲ್ಲಿ ಎರಡು ದಿನ ಕುಳಿತೆ. ಊರ ಮಗಳೆಂದು ಯಾರೂ ಬೇಡವೆನ್ನಲಿಲ್ಲ. ತೊಂಬತ್ತೆರಡು ಮಕ್ಕಳು, ನಾಲ್ವರು ಕಾಯಂ ಶಿಕ್ಷಕರು, ಒಬ್ಬರು ಅತಿಥಿ ಶಿಕ್ಷಕಿ. ಗೋಡೆಗೆ ರೈಲುಡಬ್ಬಿಯ ಹಾಗೆ ಬಣ್ಣ, ಹಳೆಯ ವಿದ್ಯಾರ್ಥಿಗಳು ಕೊಟ್ಟ ಟಿ.ವಿ., ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ, ನಲ್ಲಿಯಲ್ಲಿ ನೀರು. 2019ರಿಂದ ಸರ್ಕಾರ ಕೆಲವು ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನೂ ತೆರೆಯುತ್ತ ಬಂತಲ್ಲ, ಇಲ್ಲಿಯೂ ಅಂಥದೊಂದಿದೆ. ಮೂರನೇ ಕ್ಲಾಸಿನವರು ಪಾಠವನ್ನು ಒಕ್ಕೊರಲಿನಿಂದ ಓದಿದಾಗ ಹೆಂಚು ಹಾರಿಹೋಗುವಂತಿತ್ತು. ಹತ್ತಿರ ಕರೆದು ಒಬ್ಬೊಬ್ಬರನ್ನೇ ಓದಿಸಿದರೆ ಐದಾರು ಮಕ್ಕಳು ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ನನ್ನ ಮುಖ ನೋಡಿದರು. ಗುಂಪಿನ ದನಿಯಲ್ಲಿ ತಮ್ಮ ದನಿ ಸೇರಿಸುವುದನ್ನು ಅವರು ಚೆನ್ನಾಗಿ ಕಲಿತಿದ್ದಾರೆ. ಆದರೂ ಮಧ್ಯಾಹ್ನ ಆ ಅಂಗಳದಲ್ಲಿ ನಡೆಯುವ ಲಗೋರಿ, ಹೆಣ್ಣುಮಕ್ಕಳ ಕೊಕ್ಕೋ, ಜಗಳ, ರಾಜಿ, ಅದನ್ನೆಲ್ಲ ನೋಡಿದರೆ ಶಾಲೆಯೆಂದರೆ ಹೀಗೇ ಇರಬೇಕು ಎನಿಸುತ್ತದೆ. ಎಡಗಡೆಯ ಪಟ್ಟಿ ತುಂಬಿತು.

ಮೂರನೆಯ ದಿನ ಸಂಕ ದಾಟಿ ಕೇರಿಯ ಶಾಲೆಗೆ ಹೋದೆ. ಎರಡು ಕೋಣೆ, ಒಂದು ಜಗಲಿ, ಅಡುಗೆಮನೆ, ಮುಂದೆ ಹಲಸಿನ ಮರ. ಮಕ್ಕಳು ಹದಿನಾಲ್ಕು. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕೆಂದು ಶಿಕ್ಷಣ ಹಕ್ಕಿನ ಕಾಯ್ದೆ ಹೇಳುತ್ತದೆ. ಇಲ್ಲಿ ಇನ್ನೊಬ್ಬರು ವರ್ಗವಾಗಿ ಹೋಗಿ ಒಂದೂವರೆ ವರ್ಷವಾಗಿತ್ತು. ಇದ್ದ ಒಬ್ಬ ಟೀಚರ್ ನಲವತ್ತರ ಆಸುಪಾಸಿನವರು. ಸ್ಕೂಟರಿನಲ್ಲಿ ಹದಿನೆಂಟು ಕಿಲೋಮೀಟರ್ ಬರುತ್ತಾರೆ. ಅವರೇ ಮುಖ್ಯೋಪಾಧ್ಯಾಯಿನಿ, ಅವರೇ ಗುಮಾಸ್ತೆ, ಅವರೇ ಬೆಲ್ಲು ಹೊಡೆಯುವವರು. ಮೊಬೈಲಿಗೆ ಸಿಗ್ನಲ್ ಸಿಗುವುದು ಹಲಸಿನ ಮರದ ಕೆಳಗೆ ಮಾತ್ರ. ಹಾಜರಿ, ಹಾಲು, ಮೊಟ್ಟೆ, ಅಕ್ಕಿಯ ಲೆಕ್ಕವನ್ನೆಲ್ಲ ಕಳಿಸಬೇಕಾದಾಗ ಅವರು ಮರದಡಿ ನಿಂತು ಫೋನನ್ನು ಕೊಂಬೆಯ ಕಡೆಗೆ ಎತ್ತಿ ಹಿಡಿಯುತ್ತಾರೆ. ಹಣ್ಣು ಕೀಳುತ್ತಿದ್ದಾರೆಂದು ನಾನು ಮೊದಲು ತಿಳಿದಿದ್ದೆ.

ಆ ಹೊತ್ತಿನಲ್ಲಿ ಒಳಗೆ ಏನು ನಡೆಯುತ್ತದೆ ಎಂದು ನೋಡಲು ಕುಳಿತೆ. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುವುದು ನಲಿಕಲಿ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಬಂದದ್ದು. ಗೋಡೆಯ ಮೇಲೆ ಕಲಿಕೆಯ ಏಣಿ ಬರೆದಿರುತ್ತದೆ. ಮಗು ತಾನು ಯಾವ ಮೆಟ್ಟಿಲಿನಲ್ಲಿದೆ ಎಂದು ನೋಡಿಕೊಂಡು, ಆ ಗುರುತಿನ ಕಾರ್ಡು ತೆಗೆದುಕೊಂಡು ಕೂರುತ್ತದೆ. ತಲೆಯ ಮೇಲೆ ಹಗ್ಗ ಕಟ್ಟಿ ಮಕ್ಕಳು ಬರೆದದ್ದನ್ನೂ ಬಿಡಿಸಿದ್ದನ್ನೂ ನೇತುಹಾಕಿರುತ್ತಾರೆ, ಅದಕ್ಕೆ ಚಪ್ಪರ ಎಂದೇ ಹೆಸರು. ಟೀಚರ್ ಮರದ ಕೆಳಗಿದ್ದರೂ ಒಳಗೆ ಗದ್ದಲವಿರಲಿಲ್ಲ. ಐದನೇ ಕ್ಲಾಸಿನ ಹುಡುಗನೊಬ್ಬ ಒಂದನೆಯವಳಿಗೆ 'ಳ' ತಿದ್ದಿಸುತ್ತಿದ್ದ. ಅವಳು ಮೂರು ಸಲ ತಪ್ಪಿದಳು. ನಾಲ್ಕನೆಯ ಸಲ ಅವನು ಅವಳ ಕೈ ಹಿಡಿದು, "ಎಮ್ಮೆ ಕೊಂಬು ಬರೆದ ಹಾಗೆ ಬರಿ" ಎಂದ. ಬಂತು! ನನ್ನ ಮಗಳಿಗೆ 'ಳ' ಕಲಿಸುವಾಗ ನಾನು ಎರಡೇಟು ಕೊಟ್ಟಿದ್ದೆ, ಎಮ್ಮೆ ಹೊಳೆದಿರಲಿಲ್ಲ. ಅಲ್ಲಿದ್ದ ಹದಿನಾಲ್ಕು ಮಕ್ಕಳಲ್ಲಿ ಎರಡನೆಯದರಿಂದ ಮೇಲಿನವರೆಲ್ಲ, ಒಬ್ಬ ಹುಡುಗನ ಹೊರತು, ಒಂಟಿಯಾಗಿ ಓದಿದರು. ಆ ಹುಡುಗ ಯಾಕೆ ಓದಲಿಲ್ಲ ಎಂಬುದಕ್ಕೆ ಟೀಚರ್ ಬಳಿ ಅವನ ಮನೆಯ ಇಡೀ ಕಥೆಯೇ ಇತ್ತು. ದೊಡ್ಡ ಶಾಲೆಯಲ್ಲಿ ನನ್ನ ಮುಖ ನೋಡಿದ ಐದಾರು ಮಕ್ಕಳ ಬಗ್ಗೆ ಕೇಳಿದಾಗ ಅಲ್ಲಿಯ ಮೇಷ್ಟ್ರು ಪಾಪ, ಹೆಸರು ನೆನಪು ಮಾಡಿಕೊಳ್ಳಲು ಹಾಜರಿ ಪುಸ್ತಕ ತೆಗೆದಿದ್ದರು.

ಇಷ್ಟು ಹೇಳಿ ನಿಲ್ಲಿಸಿದರೆ ಚಿಕ್ಕ ಶಾಲೆಗೆ ನಾನು ಪಕ್ಷಪಾತ ಮಾಡಿದಂತಾಗುತ್ತದೆ. ನಾಲ್ಕನೇ ಕ್ಲಾಸಿನಲ್ಲಿ ಅಲ್ಲಿ ಇರುವುದು ಒಬ್ಬಳೇ ಹುಡುಗಿ. "ನಾನೇ ಕ್ಲಾಸಿಗೆ ಫಸ್ಟು" ಎಂದಳು. "ಲಾಸ್ಟೂ ಅವಳೇ" ಎಂದ ಎಮ್ಮೆ ಕೊಂಬಿನ ಹುಡುಗ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ಆಟದ ಹೊತ್ತಿನಲ್ಲಿ ಅವಳು ಚಿಕ್ಕವರಿಗೆ ಜಡೆ ಹಾಕುತ್ತ ಜಗಲಿಯ ಮೇಲೆ ಕುಳಿತಿದ್ದುದನ್ನು ನೋಡಿದೆ. ಒಂಬತ್ತು ವರ್ಷದ ಮಗುವಿಗೆ ಗುಟ್ಟು ಹೇಳಿಕೊಳ್ಳಲು, ಟೂ ಬಿಡಲು ಸಮವಯಸ್ಸಿನವಳೊಬ್ಬಳು ಬೇಡವೇ? ಟೀಚರಿಗೆ ಜ್ವರ ಬಂದ ದಿನ ಏನು ಗತಿ ಎಂದು ಕೇಳಿದೆ. "ಬರ್ತೀನಮ್ಮ, ಜ್ವರ ಇದ್ದರೂ ಬರ್ತೀನಿ" ಎಂದರು. ಒಬ್ಬಳು ಹೆಂಗಸಿನ ಮೈಗೆ ಜ್ವರ ಬರಬಾರದು ಎಂಬ ಆಧಾರದ ಮೇಲೆ ನಿಂತಿರುವ ಶಾಲೆಯನ್ನು ಒಳ್ಳೆಯದು ಎಂದು ಯಾವ ಪಟ್ಟಿಯಲ್ಲಿ ಬರೆಯಲಿ?

ಮತ್ತೊಂದು ಸಂಗತಿ ಅಲ್ಲಿಯೇ ತಿಳಿಯಿತು. ಶಾಲೆಗೆ ಬರುವ ಅನುದಾನ ಮಕ್ಕಳ ಸಂಖ್ಯೆಯ ಮೇಲೆ. ಶಿಕ್ಷಕರ ಹುದ್ದೆ ಮಕ್ಕಳ ಸಂಖ್ಯೆಯ ಮೇಲೆ. ಅಡುಗೆಯವರೂ ಅಷ್ಟೇ, ಇಪ್ಪತ್ತೈದು ಮಕ್ಕಳವರೆಗೆ ಒಬ್ಬರು. ತೀರಾ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸುವ ಮಾತು ಆಗಾಗ ಏಳುತ್ತದೆ, ತಣ್ಣಗಾಗುತ್ತದೆ. ಮೂರು ಮಕ್ಕಳು ಸಂಕ ದಾಟಿ ಹೋದರೆ ಆ ಶಾಲೆ ಹನ್ನೊಂದಕ್ಕೆ ಇಳಿಯುತ್ತದೆ. ಹನ್ನೊಂದೆಂದು ಕೇಳಿ ಇನ್ನಿಬ್ಬರು ಹೊರಡುತ್ತಾರೆ. ಹೋಗುವವರೆಲ್ಲ ಸ್ವಲ್ಪ ತಿಳಿವಳಿಕೆಯಿದ್ದವರು, ಸ್ಕೂಟರ್ ಇದ್ದವರು. ಕೊನೆಯಲ್ಲಿ ಉಳಿಯುವುದು ಯಾರ ಮಕ್ಕಳೆಂದರೆ, ಹೋಲಿಸಿ ನೋಡಲು ಯಾರಿಗೆ ಪುರುಸೊತ್ತಿಲ್ಲವೋ ಅವರ ಮಕ್ಕಳು. ಸೀರೆ ಅಂಗಡಿಯ ನನ್ನ ಲೆಕ್ಕ ಇಲ್ಲಿ ತಪ್ಪಿತು. ಇಲ್ಲಿ ನಾವು ಒಲ್ಲೆ ಎಂದದ್ದಕ್ಕೆ ಜರಿ ಮಾಸುತ್ತದೆ. ನನ್ನ ನೋಟ್‌ಬುಕ್ ಹಿಡಿದು ಹೆಗಡೆಯವರ ಮನೆಯ ಮಗಳು ಎರಡು ಶಾಲೆ ತೂಗಿ ನೋಡುತ್ತಿದ್ದಾಳೆ ಎಂಬ ಸುದ್ದಿಯೇ ಊರಿನಲ್ಲಿ ಒಂದಿಬ್ಬರ ಮನಸ್ಸು ತಿರುಗಿಸಲು ಸಾಕಾಗಿತ್ತು.

ಇಲ್ಲಿ ನನ್ನದೇ ಒಂದು ವಿಷಯ ಹೇಳದಿದ್ದರೆ ಅಪ್ರಾಮಾಣಿಕವಾದೀತು. 1996ರಲ್ಲಿ ನನ್ನ ಮಗಳನ್ನು ಶಾಲೆಗೆ ಸೇರಿಸುವಾಗ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಸರ್ಕಾರಿ ಶಾಲೆಯಿತ್ತು. ಅದನ್ನು ನಾನು ನೋಡಲೂ ಹೋಗಲಿಲ್ಲ. "ಅಲ್ಲಿಗೆ ಎಂಥೆಂಥವರ ಮಕ್ಕಳೋ ಬರ್ತಾರೆ" ಎಂದು ಅಕ್ಕಪಕ್ಕದವರು ಹೇಳಿದ್ದು ಸಾಕಾಯಿತು. ಆಟೋ ಗೊತ್ತುಮಾಡಿ ದೂರದ ಶಾಲೆಗೆ ಕಳಿಸಿದೆ. ಸ್ಟ್ಯಾಂಡರ್ಡ್ ಚೆನ್ನಾಗಿದೆ ಎಂದು ಎಲ್ಲರಿಗೂ ಹೇಳಿಕೊಂಡೆ. ಆದರೆ ನಾನು ಹೋಲಿಸಿದ್ದು ಶಾಲೆಗಳನ್ನೇ ಅಲ್ಲ, ಮಕ್ಕಳನ್ನು. ಅದೂ ನೋಡದೆ. ನಮ್ಮ ಮನೆ ಪಾತ್ರೆ ತೊಳೆಯಲು ಬರುತ್ತಿದ್ದವಳ ಮಗಳು ಆ ಎರಡು ಬೀದಿ ಆಚೆಯ ಶಾಲೆಗೇ ಹೋಗುತ್ತಿದ್ದಳು. ಎಂಥೆಂಥವರೋ ಎಂದರೆ ಅವಳೇ. ಆ ಶಾಲೆ ಈಗ ಇಲ್ಲ. ಕಟ್ಟಡವನ್ನು ಮತದಾನದ ದಿನ ತೆರೆಯುತ್ತಾರೆ, ನಾನು ಓಟು ಹಾಕುವುದೂ ಅಲ್ಲೇ.

ನಾಲ್ಕನೆಯ ದಿನ ಮಧ್ಯಾಹ್ನ ಕೇರಿ ಶಾಲೆಯ ಅಡುಗೆಮನೆಯ ಹತ್ತಿರ ಕುಳಿತೆ. ಅಡುಗೆಯಾಕೆ ನನಗಿಂತ ಎರಡು ವರ್ಷ ಚಿಕ್ಕವಳು. ನಮ್ಮ ಜಿಲ್ಲೆಯ ಶಾಲೆಗಳಿಗೆ ಬಿಸಿಯೂಟ ಬಂದದ್ದು 2003ರಲ್ಲಿ, ಅಂದಿನಿಂದ ಇಲ್ಲಿ ಬೇಯಿಸುತ್ತಿದ್ದಾಳೆ. ಚಿಕ್ಕಂದಿನಲ್ಲಿ ಅವಳ ತಾಯಿ ನಮ್ಮ ಮನೆಗೆ ಅಡಿಕೆ ಸುಲಿಯಲು ಬರುತ್ತಿದ್ದಳು. ಸಾರಿನ ಪಾತ್ರೆ ಇಳಿಸುತ್ತ ಅವಳು ಮಾತಿಗೆ ಸಿಕ್ಕಳು. ನಾನು ಸ್ವಲ್ಪ ಅಭಿಮಾನದಿಂದಲೇ, "ಈ ಶಾಲೆ ಆಗಿದ್ದು ನಮ್ಮ ಅಪ್ಪಯ್ಯನ ಅರ್ಜಿಯಿಂದ, ಗೊತ್ತಾ?" ಎಂದೆ. ಅದು ನಮ್ಮ ಮನೆಯಲ್ಲಿ ಹೆಮ್ಮೆಯ ಮಾತು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕೇರಿಯ ಮಕ್ಕಳು ಶಾಲೆಗೆ ಬರಲಾರರು, ಅವರಿಗೆ ಅಲ್ಲೇ ಒಂದು ಶಾಲೆ ಕೊಡಿ ಎಂದು ಅಪ್ಪಯ್ಯ ಬರೆದರು, ಎರಡು ಸಲ ಸಾಗರಕ್ಕೆ, ಒಂದು ಸಲ ಶಿವಮೊಗ್ಗಕ್ಕೆ ಓಡಾಡಿದರು, 1971ರ ಜೂನಿಗೆ ಶಾಲೆ ತೆರೆಸಿದರು. ಅದೇ ವರ್ಷ ನಾನು ದೊಡ್ಡ ಶಾಲೆಗೆ ಒಂದನೇ ಕ್ಲಾಸು ಸೇರಿದ್ದೆ.

"ಗೊತ್ತಮ್ಮ" ಎಂದಳು. ಸ್ವಲ್ಪ ಹೊತ್ತು ಸೌಟು ತೊಳೆದಳು. "ಅದಕ್ಕೆ ಮುಂಚೆ ನಮ್ಮಣ್ಣ, ಇನ್ನೂ ಮೂರು ಹುಡುಗರು ಆಚೆ ಶಾಲೆಗೇ ಹೋಗ್ತಿದ್ದರು. ಒಂದಿನ ನಮ್ಮಣ್ಣ ಶಾಲೆ ಕೊಡದ ನೀರು ಎತ್ತಿಕೊಂಡು ಕುಡಿದುಬಿಟ್ಟ. ಆ ವರ್ಷವೇ ಒಡೇರಿಗೆ ಹಳ್ಳದಾಗೆ ನೀರು ಜಾಸ್ತಿ ಅಂತ ಗೊತ್ತಾಗಿದ್ದು."

ನನಗೆ ಮಾತು ಹೊರಡಲಿಲ್ಲ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಉಪ್ಪು ಹೆಚ್ಚಾಯಿತು ಎನ್ನುವ ದನಿಯಲ್ಲೇ ಹೇಳಿದ್ದಳು. "ಶಾಲೆ ಕೊಡಿಸಿದ್ದು ಪುಣ್ಯವೇ. ಸಂಕ ಹಾಕಿಸಿದ್ದರೂ ಆಗ್ತಿತ್ತು" ಎಂದಳು.

ಆ ಸಂಜೆ ಮನೆಗೆ ಬಂದು ಅಟ್ಟದ ಪೆಟ್ಟಿಗೆಯಿಂದ ಅಪ್ಪಯ್ಯನ ಕಾಗದಗಳನ್ನು ತೆಗೆಸಿದೆ. ಅರ್ಜಿಯ ಕಾರ್ಬನ್ ಪ್ರತಿ ಸಿಕ್ಕಿತು. ಮುತ್ತಿನಂಥ ಅಕ್ಷರ. ಮಕ್ಕಳ ಪಾಡಿನ ಬಗ್ಗೆ ಬರೆದದ್ದು ಓದಿದರೆ ಕಣ್ಣು ತುಂಬುತ್ತದೆ. ಕೊಡದ ಮಾತು ಇಲ್ಲ, ಇರುವುದೂ ಇಲ್ಲ. ಅಸ್ಪೃಶ್ಯತೆ ಅಪರಾಧವೆಂದು 1955ರಲ್ಲೇ ಕಾನೂನಾಗಿತ್ತು, ಅದು ಅಪ್ಪಯ್ಯನಿಗೆ ತಿಳಿಯದ್ದಲ್ಲ. ತಾರೀಕು ನೋಡಿದೆ: ಜನವರಿ, 1971. ಹಳ್ಳದಲ್ಲಿ ಪಾದ ತೊಯ್ಯುವಷ್ಟು ನೀರಿರದ ಕಾಲ. ಜೂನಿಗೆ ಶಾಲೆ ಆಗಬೇಕಾದರೆ ಜನವರಿಯಲ್ಲೇ ಬರೆಯಬೇಕು, ಅದೂ ಸರಿ. ಅಪ್ಪಯ್ಯನ ಪರವಾಗಿ ನಾನು ಆ ರಾತ್ರಿ ಹೀಗೆ ಬಹಳ ವಾದ ಮಾಡಿದೆ. ಆದರೆ ಒಂದು ನೆನಪು ಆ ವಾದವನ್ನು ನಿಲ್ಲಲು ಬಿಡಲಿಲ್ಲ. ನಮ್ಮ ತೋಟ ಆಚೆ ದಡದಲ್ಲಿತ್ತು. ಅಡಿಕೆಗೆ ಕೊಳೆರೋಗ ಬರುವುದು ಮಳೆಗಾಲದಲ್ಲೇ, ಮೈಲುತುತ್ತದ ಔಷಧಿ ಹೊಡೆಯಬೇಕಾದದ್ದೂ ಆಗಲೇ. ಆದ್ದರಿಂದ ಪ್ರತಿವರ್ಷ ಮಳೆಗೆ ಮೊದಲು ಅಪ್ಪಯ್ಯ ಮರದ ದಿಮ್ಮಿ, ಅಡಿಕೆ ದಬ್ಬೆ ಸೇರಿಸಿ ನಮ್ಮ ಮನೆಯ ಕೆಳಗೆ ಗಟ್ಟಿಯಾದ ಸಂಕ ಹಾಕಿಸುತ್ತಿದ್ದರು. ಕೇರಿಯ ಆಳುಗಳು ಆಷಾಢದ ಮಳೆಯಲ್ಲಿ ಗೊರಬು ಹೊದ್ದು ಅದರ ಮೇಲೆ ಓಡಾಡುತ್ತಿದ್ದುದನ್ನು ನಾನು ಜಗಲಿಯಲ್ಲಿ ನಿಂತು ನೋಡುತ್ತಿದ್ದೆ. ತಂದೆ ದಾಟುತ್ತಿದ್ದ ಸಂಕವನ್ನು ಮಗ ದಾಟಲಾರ ಎಂದು ಅರ್ಜಿಯಲ್ಲಿತ್ತು.

ಕೊಠಾರಿ ಆಯೋಗದ ವರದಿ ಬಂದದ್ದು 1966ರಲ್ಲಿ. ಒಂದು ನೆರೆಹೊರೆಯ ಮಕ್ಕಳೆಲ್ಲ, ಜಾತಿ ಮತ ಬಡವ ಬಲ್ಲಿದ ಎನ್ನದೆ, ಆ ನೆರೆಯ ಒಂದೇ ಶಾಲೆಗೆ ಹೋಗಬೇಕು ಎಂಬುದು ಅದರ ಮುಖ್ಯ ಸಲಹೆಗಳಲ್ಲೊಂದು. ಐದು ವರ್ಷದ ಮೇಲೆ ನಮ್ಮೂರಿನಲ್ಲಿ ನೆರೆ ಎಂಬುದನ್ನೇ ಹಳ್ಳದ ಗೆರೆಯಿಂದ ಎರಡು ಮಾಡಿದೆವು, ಆಗ ಎರಡು ಶಾಲೆಯೂ ನೆರೆಹೊರೆಯ ಶಾಲೆಯೇ ಆದವು. ಶಿಕ್ಷಣ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಕೇಂದ್ರದ ನಿಯಮಗಳು ಐದನೇ ತರಗತಿಯವರೆಗಿನ ಶಾಲೆ ಒಂದು ಕಿಲೋಮೀಟರಿನೊಳಗೆ ಇರಬೇಕು ಎಂದವು. ಕಿಲೋಮೀಟರನ್ನು ಅಳೆಯಬಹುದು. ಕೊಡದಿಂದ ಬಾಗಿಲಿನವರೆಗಿನ ದೂರವನ್ನು ಯಾವ ಪಟ್ಟಿಯಿಂದ ಅಳೆಯುತ್ತಾರೆ?

ಆ ಶಾಲೆ ಹುಟ್ಟಿದ್ದು ಹೀಗೆ ಎಂದ ಮಾತ್ರಕ್ಕೆ ಅದು ಕೆಟ್ಟದ್ದಾಗುತ್ತದೆಯೆ? ನಾಲ್ಕು ದಿನದಿಂದ ನನ್ನ ತಲೆ ತಿನ್ನುತ್ತಿದ್ದ ಪ್ರಶ್ನೆ ಈಗ ಹೀಗೆ ತಿರುಗಿ ಕುಳಿತಿತ್ತು. ಕೇರಿಯ ಮೂರು ತಲೆಮಾರು ಅಲ್ಲಿ ಅಕ್ಷರ ಕಲಿತಿದೆ. ಯಾರೂ ಬಾಗಿಲ ಬಳಿ ಕೂರಿಸದ, ಯಾವ ಕೊಡ ಮುಟ್ಟಿದರೂ ಯಾರೂ ಬೈಯದ ಶಾಲೆ ಅವರಿಗೆ ಅದೊಂದೇ ಆಗಿತ್ತು. ಅಲ್ಲಿ ಕಲಿತ ಒಬ್ಬ ಹುಡುಗಿ ಈಗ ನರ್ಸು. ಹಾಗೆಂದು ಅದನ್ನು ಉಳಿಸಬೇಕು ಎನ್ನಲು ನಾನು ಯಾರು? ನಾವೇ ಹಾಕಿದ ಬೇಲಿಯನ್ನು ಐವತ್ತು ವರ್ಷದ ಮೇಲೆ ಹೂಬಳ್ಳಿ ಹಬ್ಬಿದೆ, ಚೆಂದವಾಗಿದೆ, ಕೀಳಬೇಡಿ ಎಂದ ಹಾಗಾಗುವುದಿಲ್ಲವೆ? ಮುಚ್ಚಿ ಒಂದು ಮಾಡಿಬಿಡಿ ಎನ್ನಲೂ ಬಾಯಿ ಬರಲಿಲ್ಲ. ಮುಚ್ಚಿದರೆ ಕಳೆದುಕೊಳ್ಳುವವರು ಯಾರೆಂದು ನೋಡಿ ಬಂದಿದ್ದೆ: ಆ ಓದಲಾರದ ಹುಡುಗ, ಅವನ ಮನೆಯ ಕಥೆ ತಿಳಿದ ಟೀಚರ್, ಮತ್ತು ಆ ಸಂಬಳವನ್ನೇ ನಂಬಿದ ಅಡುಗೆಯಾಕೆ.

ಮರುದಿನ ಹೊರಡುವ ಮೊದಲು ಮತ್ತೆ ಅವಳನ್ನು ಕಂಡೆ. ಕ್ಷಮೆ ಕೇಳುವ ಹಾಗೆ ಏನೋ ತೊದಲಿದೆ. ಅವಳಿಗೆ ಅದು ಬೇಕಿರಲಿಲ್ಲ. ಮಾತು ಮರೆಸಲು, "ನಿನ್ನ ಮೊಮ್ಮಗ ಯಾವನು ಇಲ್ಲಿ?" ಎಂದೆ.

"ಅವನು ಇಲ್ಲಿಗೆ ಬರಲ್ಲಮ್ಮ. ಆಚೆ ಶಾಲೆ, ಎರಡನೇ ಕ್ಲಾಸು."

"ನೀನು ಇಲ್ಲಿ ಬೇಯಿಸಿ, ಮೊಮ್ಮಗನನ್ನ ಅಲ್ಲಿಗೆ ಕಳಿಸ್ತೀಯಾ? ಇಲ್ಲಿ ಟೀಚರ್ ಎಷ್ಟು ಚೆನ್ನಾಗಿದ್ದಾರೆ!"

"ಟೀಚರ್ ಬಂಗಾರದಂಥವರು. ಅಲ್ಲಿಗಿಂತ ಇಲ್ಲೇ ಚೆನ್ನಾಗಿ ಕಲೀತಿದ್ದ, ನಂಗೆ ಗೊತ್ತು. ಆದ್ರೆ ನಮ್ಮಣ್ಣನ್ನ ಎಲ್ಲಿಂದ ಎಬ್ಬಿಸಿ ಕಳಿಸಿದರೋ ಅಲ್ಲೇ ಇವನು ಕೂರಬೇಕು ಅಂತ ನಂದು." ಇಷ್ಟು ಹೇಳಿ ಅಕ್ಕಿ ಅಳೆಯಲು ಒಳಗೆ ಹೋದಳು.

ಅವಳೂ ಎರಡು ಶಾಲೆಗಳನ್ನು ಹೋಲಿಸಿದ್ದಳು. ನನಗಿಂತ ಚೆನ್ನಾಗಿ ಎರಡನ್ನೂ ಬಲ್ಲಳು. ಮೊಮ್ಮಗ ಹೋದರೆ ತನ್ನ ಕೆಲಸದ ಆಯುಷ್ಯ ಅಷ್ಟು ಕಡಿಮೆಯಾಗುತ್ತದೆ ಎಂಬ ಲೆಕ್ಕವೂ ಅವಳಿಗೆ ಗೊತ್ತಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಶೌಚಾಲಯಕ್ಕೆ, ನಲ್ಲಿಗೆ, ಟಿ.ವಿ.ಗೆ ಒಂದೊಂದು ಸಾಲಿತ್ತು. ಅವಳು ತೂಗಿದ್ದಕ್ಕೆ ಸಾಲೇ ಇರಲಿಲ್ಲ.

ತಮ್ಮನ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ನೋಡಿದ್ದನ್ನೆಲ್ಲ ಹೇಳಿದೆ, ಅಪ್ಪಯ್ಯನ ಅರ್ಜಿಯೂ ಸೇರಿ. ತಮ್ಮ ಮುಖ ಕೆಂಪಗೆ ಮಾಡಿಕೊಂಡ. "ಸತ್ತವರ ಕಾಗದ ಅಟ್ಟದಿಂದ ಇಳಿಸಿ ಓದೋದು ಬೇಕಿತ್ತಾ ಅಕ್ಕ?" ಎಂದ. ಸೊಸೆಗೆ ಬೇರೆಯೇ ಅಸಮಾಧಾನ. "ಅತ್ತೆ, ಐದು ದಿನ ಇದ್ದು ಕೊನೆಗೂ ಯಾವ ಶಾಲೆ ಅಂತ ಹೇಳಲೇ ಇಲ್ಲ ನೀವು" ಎಂದಳು. ನಿಜವೇ. ಬ್ಯಾಂಕಿನಲ್ಲಾಗಿದ್ದರೆ ಮ್ಯಾನೇಜರು ಮೆಮೊ ಕೊಡುತ್ತಿದ್ದರು. "ನೀನೇ ಹೋಗಿ ಎರಡು ಕಡೆ ಒಂದೊಂದು ದಿನ ಕೂತು ಬಾ. ಆಮೇಲೆ ಯಾವುದಕ್ಕೆ ಹಾಕಿದರೂ ಇನ್ನೊಂದನ್ನು ಚೆನ್ನಾಗಿಲ್ಲ ಅಂತ ಮಾತ್ರ ಯಾರ ಹತ್ತಿರವೂ ಹೇಳಬೇಡ" ಎಂದೆ. ಅಷ್ಟು ಹೇಳುವ ಧೈರ್ಯ ಮಾತ್ರ ನನಗೆ ಇತ್ತು.

ಅವಳು ಹೋದಳು, ಕೂತಳು. ಜೂನಿನಲ್ಲಿ ಮಗುವನ್ನು ಕೇರಿಯ ಶಾಲೆಗೆ ಹಾಕಿದಳು. ತಮ್ಮ ಎರಡು ದಿನ ಊಟ ಬಿಟ್ಟನಂತೆ. "ಕೇರಿ ಶಾಲೆಗೆ ನಮ್ಮ ಮನೆ ಮಗುವಾ?" ಎಂದು ಕೇಳಿದನಂತೆ, ಅಲ್ಲಿಯವರೆಗೆ ಅವನ ಆಕ್ಷೇಪಣೆ ಟೀಚರ್ ಒಬ್ಬರೇ ಇದ್ದಾರೆ ಎಂಬುದಾಗಿತ್ತು. ಸೊಸೆ ಎರಡನೇ ಶಿಕ್ಷಕರಿಗಾಗಿ ಅರ್ಜಿ ಬರೆದು ಕೇರಿಯವರ ಸಹಿ ಹಾಕಿಸಿಕೊಂಡು ಬಿಇಓ ಆಫೀಸಿಗೆ ಓಡಾಡುತ್ತಿದ್ದಾಳೆ. ಅವಳ ಅಕ್ಷರವೂ ಮುತ್ತಿನ ಹಾಗೆಯೇ ಇದೆ. ನಲಿಕಲಿ ಮುಗಿಯುವವರೆಗೆ ಇಲ್ಲಿ, ಆಮೇಲೆ ನೋಡೋಣ ಎಂದು ನನ್ನ ಬಳಿ ಹೇಳಿದ್ದಾಳೆ. 'ಆಮೇಲೆ ನೋಡೋಣ' ಎನ್ನುವ ಅನುಕೂಲ ಆ ಹದಿನಾಲ್ಕು ಮಕ್ಕಳಲ್ಲಿ ಎಷ್ಟು ಮಂದಿಯ ಮನೆಯಲ್ಲಿದೆ ಎಂದು ಕೇಳೋಣವೆಂದಿದ್ದೆ, ಕೇಳಲಿಲ್ಲ. ಮಗು ಸೇರಿದ ದಿನ ಅಡುಗೆಯಾಕೆ ಏನೆಂದಳು ಎಂದು ಮಾತ್ರ ವಿಚಾರಿಸಿದೆ. "ಬರಲಿ ಬಿಡಿ, ನೂರು ಗ್ರಾಮ್ ಅಕ್ಕಿ ಜಾಸ್ತಿ" ಎಂದಳಂತೆ.

ಬೆಳಿಗ್ಗೆ ಒಂಬತ್ತೂಕಾಲರ ಹೊತ್ತಿಗೆ ಸೊಸೆ ಮಗುವನ್ನು ಕರೆದುಕೊಂಡು ಹೊರಟರೆ ಆ ಮೊಮ್ಮಗ ಎದುರಿಗೆ ಸಿಗುತ್ತಾನಂತೆ, ಅವನು ಸಂಕದ ಕಡೆಗೆ, ಇವರು ಕೇರಿಯ ಕಡೆಗೆ. ನೀನ್ಯಾಕೆ ಆ ಕಡೆ ಹೋಗ್ತೀಯಾ ಎಂದು ಪುಟ್ಟಿ ಅವನನ್ನು ದಿನಾ ಕೇಳುತ್ತಾಳಂತೆ. ಜುಲೈಯಲ್ಲಿ ಒಂದು ಬೆಳಿಗ್ಗೆ ಸೊಸೆ ಫೋನು ಮಾಡಿದಾಗ ಹಿಂದೆ ಮಳೆಯ ಸದ್ದೇ ಸದ್ದು. ಹಳ್ಳದ ನೀರು ಕಾಲುಸಂಕದ ಅಡಿಯನ್ನು ಮುಟ್ಟುತ್ತಿದೆಯಂತೆ, ತಾಲ್ಲೂಕಿನ ಶಾಲೆಗಳಿಗೆಲ್ಲ ರಜೆ ಕೊಟ್ಟಿದ್ದಾರಂತೆ. "ಪುಟ್ಟಿ ಎಲ್ಲಿ?" ಎಂದೆ. ಜಗಲಿಯಲ್ಲಿ ಆಡುತ್ತಿದ್ದಾಳೆ, ಅಡುಗೆಯಮ್ಮನ ಮೊಮ್ಮಗನೂ ಬಂದಿದ್ದಾನೆ, ಇಬ್ಬರೂ ಸೇರಿ ನೆಲಕ್ಕೆಲ್ಲ ಸೀಮೆಸುಣ್ಣದಲ್ಲಿ ಗೀಚಿಟ್ಟಿದ್ದಾರೆ, ಒರೆಸಿ ಸಾಕಾಯಿತು ಎಂದಳು.